ಹೆಸರು ಹೋದ ಡಬ್ಬಿ

ನನ್ನ ಹೆಸರು ಬೇಕಾದವರು ಮೀರಾನ್ ಸಾಹೇಬರ ಅಂಗಡಿಗೆ ಹೋಗಬೇಕು. ಒಳಗೆ ಕಾಲಿಟ್ಟರೆ ಬಲಗಡೆ ಗೋಡೆ, ಮೂರನೆಯ ಹಲಗೆ, ಕೆಂಪು ತಗಡಿನ ಡಬ್ಬಿ. ಅದರ ಮೇಲಿನ ಚೀಟಿಯಲ್ಲಿ ಬರೆದಿದೆ. ಬೇಕಾದಷ್ಟು ತೂಗಿ ಪೊಟ್ಟಣ ಕಟ್ಟಿ ಕೊಡುತ್ತಾರೆ. ನನ್ನನ್ನೇ ಕರೆಯಬೇಕಾದವರು ಗಿರಣಿಯಮ್ಮ ಎಂದರೆ ಸಾಕು. ಹಿಟ್ಟಿನ ಗಿರಣಿ ಹಾಕಿ ಇಪ್ಪತ್ತು ವರ್ಷವಾಯಿತು, ಹಾಗೆ ಕೂಗಿದರೆ ತಿರುಗುವುದು ಅಭ್ಯಾಸವಾಗಿದೆ.

ನಾನು ಹೊಳೆಯ ಆಚೆಯವಳು. ಅಲ್ಲಿ ಹಸಿವಾದರೆ ಕೈಗೆ ಸಿಕ್ಕಿದ್ದನ್ನು ತಿನ್ನುತ್ತಾರೆ. ಈಚೆ ದಡದ ಈ ಊರಿನಲ್ಲಿ ಹೆಸರಿಲ್ಲದ್ದು ಗಂಟಲಲ್ಲಿ ಇಳಿಯುವುದಿಲ್ಲ. ಎಷ್ಟು ಅಗಿದರೂ ನಾಲಿಗೆಯ ಮೇಲೇ ಕೂತಿರುತ್ತದೆ, ಕೊನೆಗೆ ಉಗಿಯಬೇಕು. ಹಾಗಾಗಿ ಇಲ್ಲಿ ಯಾರೂ ಸುಮ್ಮನೆ ಬಡಿಸುವುದಿಲ್ಲ. ಅನ್ನ ಹಾಕಿದರೆ ಅನ್ನ ಎನ್ನುತ್ತಾರೆ, ಸಾರು ಬಿಟ್ಟರೆ ಸಾರು ಎನ್ನುತ್ತಾರೆ. ಕೂಸು ಹುಟ್ಟಿದಾಗ ಸೂಲಗಿತ್ತಿ ಅದರ ಕಿವಿಯಲ್ಲಿ ಹೇಳುವ ಮೊದಲ ಮಾತು ಹಾಲು. ಡಾಕ್ಟರು ಮಾತ್ರೆಗಳಿಗೆಲ್ಲ ಬಿಳಿಚುಕ್ಕಿ, ಕಹಿಗುಂಡು ಎಂದು ಹೆಸರಿಟ್ಟುಕೊಂಡು ಕೂತಿರುತ್ತಾರೆ. ಹೊಳೆ ದಾಟಿ ಬಂದ ಮೂರು ದಿನಕ್ಕೆ ನನ್ನ ಗಂಟಲೂ ಎಲ್ಲರ ಗಂಟಲಿನ ಹಾಗೆಯೇ ಆಯಿತು.

ಇನ್ನೊಂದು ಸಂಗತಿಯನ್ನು ನಾನು ತಡವಾಗಿ ಕಲಿತೆ. ಒಂದು ಹೆಸರು ಎರಡು ಕಡೆ ನಿಲ್ಲುವುದಿಲ್ಲ. ಹೊಸದಕ್ಕೆ ಇಟ್ಟರೆ ಹಳೆಯದರಿಂದ ಕಳಚಿಕೊಳ್ಳುತ್ತದೆ. ಅದಕ್ಕೇ ಈ ಊರಿನಲ್ಲಿ ಒಂದೇ ಹೆಸರಿನ ಇಬ್ಬರು ಸಿಗುವುದಿಲ್ಲ. ಅಜ್ಜ ಕಣ್ಣು ಮುಚ್ಚಿದ ಮೇಲೆಯೇ ಮೊಮ್ಮಗನಿಗೆ ಅವನ ಹೆಸರು. ಒಮ್ಮೆ ಕೆಳಗಿನ ಕೇರಿಯ ಹೆಂಗಸೊಬ್ಬಳು ಬೇಲಿ ಜಗಳದ ಸಿಟ್ಟಿಗೆ ನೆರೆಯವಳ ಹೆಸರನ್ನು ತನ್ನ ಎಮ್ಮೆಗೆ ಇಟ್ಟುಬಿಟ್ಟಳು. ನೆರೆಯವಳು ಮೂರು ತಿಂಗಳು ಯಾರು ಕೂಗಿದರೂ ತಿರುಗಲಿಲ್ಲ, ಎಮ್ಮೆ ಮಾತ್ರ ಓಡಿ ಬರುತ್ತಿತ್ತು. ಇಟ್ಟವರೇ ತೆಗೆಯಬೇಕು, ಬೇರೆಯವರಿಂದ ಆಗುವುದಿಲ್ಲ. ಪಂಚಾಯಿತಿ ಸೇರಿ, ಗದರಿಸಿ, ಅವಳ ಕೈಯಲ್ಲೇ ಎಮ್ಮೆಗೆ ಬೇರೆ ಹೆಸರು ಇಡಿಸಬೇಕಾಯಿತು.

ಇಂಥ ಊರಿನಲ್ಲಿ ಹೊರದೇಶದ ತಿಂಡಿ ಮಾರುವುದು ಸುಲಭದ ಕೆಲಸವಲ್ಲ. ತಿಂಗಳಿಗೊಮ್ಮೆ ದೋಣಿಯಲ್ಲಿ ಮೀರಾನ್ ಸಾಹೇಬರಿಗೆ ಪೆಟ್ಟಿಗೆಗಳು ಬರುತ್ತವೆ. ಮೇಲಿನ ಬರಹ ಯಾರಿಗೂ ಓದಲು ಬರುವುದಿಲ್ಲ. ಅಂಗಡಿಯ ನಡುವೆ ಒಂದು ಮಣೆಯಿದೆ. ಬಂದವರು ಅದರ ಮೇಲೆ ಕೂತು, ಹೊಸ ತಿಂಡಿಯ ಒಂದು ಚೂರನ್ನು ಬಾಯಲ್ಲಿಟ್ಟುಕೊಂಡು ಹೆಸರು ಹುಡುಕುತ್ತಾರೆ. ಸುಳ್ಳು ಹೆಸರಿಗೆ ಗಂಟಲು ಬಿಡುವುದಿಲ್ಲ. ಸರಿಯಾದದ್ದು ಬಂದರೆ ತಿಂಡಿ ತಾನಾಗಿ ಇಳಿಯುತ್ತದೆ, ಸಾಹೇಬರು ಚೀಟಿ ಬರೆದು ಅಂಟಿಸುತ್ತಾರೆ, ಆಮೇಲೆ ಊರಿಗೆಲ್ಲ ಅದೇ ಹೆಸರು. ಬಾಯಿಗೆ ಹಾಕಿದರೆ ಮುಖ ಕಿವುಚುವ ಕಪ್ಪು ಉಪ್ಪುಮಿಠಾಯಿಗೆ ಮಾವನ ಮುನಿಸು. ಮೂಗಿಗೆ ಹತ್ತಿ ಕಣ್ಣೀರು ಬರಿಸುವ ಹಸಿರು ಚಟ್ನಿಗೆ ಸುಳ್ಳುಸಾಕ್ಷಿ. ಬೂಸಲು ಹಿಡಿದ ಗಿಣ್ಣಿಗೆ ಹಬ್ಬದ ಮಾರನೆ ದಿನ. ಸಾಹೇಬರು ಮಾತ್ರ ಯಾವುದಕ್ಕೂ ಹೆಸರಿಟ್ಟವರಲ್ಲ. ಕೇಳಿದರೆ, “ಮಾರೋನು ಇಟ್ರೆ ಅದು ಹೆಸರಲ್ಲಮ್ಮ, ಕೂಗು” ಎನ್ನುತ್ತಾರೆ.

ನನ್ನ ಓರಗಿತ್ತಿ ಹೊಂಬಾಳಕ್ಕ, ನನ್ನ ಭಾವನ ಹೆಂಡತಿ. ಒಂದೇ ಮನೆ, ನಡುವೆ ಒಂದು ಗೋಡೆ, ಆ ಗೋಡೆಯಲ್ಲಿ ಒಂದು ಬಾಗಿಲು. ಆ ಬಾಗಿಲಿಗೆ ನನ್ನ ಕಡೆಯಿಂದ ಇಪ್ಪತ್ತೆರಡು ವರ್ಷ ಅಗುಳಿ ಹಾಕಿತ್ತು. ಹಾಕಿದವಳು ನಾನೇ.

ಕಾರಣ ಹೇಳುತ್ತೇನೆ. ಮದುವೆಯಾದ ಮೂರನೆಯ ದಿನ ಹೊಸ ಸೊಸೆ ಹೆಸರಿಲ್ಲದ ಒಂದು ತಿಂಡಿ ಮಾಡಬೇಕು, ಹಿರಿಯ ಸೊಸೆ ಅದಕ್ಕೆ ಹೆಸರಿಡಬೇಕು, ಇದು ಇಲ್ಲಿಯ ಶಾಸ್ತ್ರ. ನನಗೆ ತಾಯಿಯಿಲ್ಲ, ತಂದೆಯಿಲ್ಲ, ಸೋದರಮಾವನ ಮನೆಯ ಹಿತ್ತಿಲಲ್ಲಿ ಬೆಳೆದವಳು. ಹೋಳಿಗೆ, ಚಿರೋಟಿ ಕಲಿಸಿದವರಿಲ್ಲ. ಹುರಿದ ಹುರುಳಿಹಿಟ್ಟಿಗೆ ಬೆಲ್ಲ, ಹುಣಸೆಹಣ್ಣು, ಕುಟ್ಟಿದ ಕರಿಮೆಣಸು ಹಾಕಿ ಉಂಡೆ ಕಟ್ಟಿದೆ. ಹಸಿವಾದಾಗ ನನಗೆ ನಾನೇ ಮಾಡಿಕೊಳ್ಳುತ್ತಿದ್ದ ತಿಂಡಿ ಅದು. ಮನೆಯ ಎಂಟು ಜನ ಬಾಯಲ್ಲಿ ಉಂಡೆಯಿಟ್ಟುಕೊಂಡು, ನುಂಗಲಾರದೆ, ಹೊಂಬಾಳಕ್ಕನ ಮುಖವನ್ನೇ ನೋಡುತ್ತ ಕೂತರು. ಅವಳು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದಳು. ಆಮೇಲೆ ಕಣ್ಣು ಬಿಟ್ಟು, “ಪರದೇಸಿ” ಎಂದಳು.

ಎಂಟು ಗಂಟಲೂ ಒಟ್ಟಿಗೆ ನುಂಗಿದವು. ಮರುಕ್ಷಣ ಎಲ್ಲರೂ ನಕ್ಕರು. ಮಾವನವರು ತೊಡೆ ತಟ್ಟಿಕೊಂಡು, “ಅಯ್ಯೋ ಹೊಂಬಾಳಾ, ಕೊನೆಗೂ ಅದನ್ನೇ ಕೊಟ್ಟುಬಿಟ್ಟೆಯಲ್ಲೇ!” ಎಂದರು.

ಹೊಳೆಯ ಆಚೆ ತಾಯಿ ತಂದೆ ಇಲ್ಲದವರನ್ನು ಪರದೇಸಿ ಎನ್ನುತ್ತಾರೆ. ಸೋದರಮಾವನ ಮನೆಯಲ್ಲಿ ಪ್ರತಿ ತುತ್ತಿನ ಜೊತೆಗೂ ನಾನು ಆ ಮಾತನ್ನು ಉಂಡಿದ್ದೇನೆ. ಹೊಳೆ ದಾಟಿದರೆ ಅದು ಆಚೆಯೇ ಉಳಿಯುತ್ತದೆ ಎಂದುಕೊಂಡಿದ್ದೆ. ನನ್ನ ಕೈಯಾರೆ ಕಟ್ಟಿದ ಉಂಡೆಯ ಮೇಲೇ ಅದನ್ನು ಅಂಟಿಸಿ ನಗುತ್ತಿದ್ದಾರೆ ಎಂದುಕೊಂಡೆ. ಕೇಳಬಹುದಿತ್ತು. ಕೇಳಲಿಲ್ಲ. ತಿಂಗಳೊಳಗೆ ಒಲೆ ಬೇರೆ ಮಾಡಿಸಿದೆ, ಬಾಗಿಲಿಗೆ ಅಗುಳಿ ಹಾಕಿದೆ, ಆ ಉಂಡೆಯನ್ನು ಮತ್ತೆ ಮಾಡಲಿಲ್ಲ. ಹೊಂಬಾಳಕ್ಕ ಒಂದೆರಡು ಸಲ ಬಾಗಿಲು ತಟ್ಟಿದ್ದು ಕೇಳಿಸಿತ್ತು. ನಾನು ಬೀಸುವ ಕಲ್ಲು ತಿರುಗಿಸುತ್ತ ಕೂತೆ. ಅವಳೂ ಸೊಕ್ಕಿನವಳೇ, ಮೂರನೆಯ ಸಲ ತಟ್ಟಲಿಲ್ಲ.

ಹೋದ ಬೇಸಿಗೆಯಲ್ಲಿ ಭಾವ ಗೋಧಿ ಚೀಲ ಹಿಡಿದು ಗಿರಣಿಗೆ ಬಂದರು. ಚೀಲ ಕೆಳಗಿಡಲಿಲ್ಲ.

“ಅಮ್ಮಾ, ನಿಮ್ಮಕ್ಕನಿಗೆ ಹೆಸರು ಉದುರ್ತಾ ಇದೆ” ಎಂದರು.

ಈ ಊರಿನಲ್ಲಿ ವಯಸ್ಸಾದವರು ಹೋಗುವುದು ಹೀಗೆಯೇ. ಮೊದಲು ಹಬ್ಬದ ಅಡುಗೆಯ ಹೆಸರು ಮರೆಯುತ್ತದೆ, ಆಮೇಲೆ ದಿನದ್ದು. ಕೊನೆಗೆ ಹೋಗುವುದು ನೀರು. ಮರೆತವರಿಗೆ ನೂರು ಸಲ ಹೇಳಿಕೊಟ್ಟರೂ ಅವರ ಕಿವಿಗೆ ಅದು ಬರೀ ಸದ್ದು. ಹೊಂಬಾಳಕ್ಕನಿಗೆ ಅಂಥ ವಯಸ್ಸೂ ಆಗಿರಲಿಲ್ಲ, ಅರವತ್ತು.

“ಎಲ್ಲೀತನಕ ಬಂದಿದೆ ಭಾವ?”

“ಹೋಳಿಗೆ ಯುಗಾದಿಗೇ ಹೋಯ್ತು. ರೊಟ್ಟಿ ಹೋಯ್ತು, ಮಜ್ಜಿಗೆ ಹೋಯ್ತು. ಮೊನ್ನೆ ಅನ್ನ ಹೋಯ್ತಮ್ಮ.” ಗೋಧಿ ಚೀಲವನ್ನು ಎದೆಗೆ ಒತ್ತಿಕೊಂಡು ಅತ್ತರು. “ಇದನ್ಯಾಕೆ ತಂದ್ನೋ, ಬೀಸಿ ಯಾರಿಗೆ ಮಾಡಿಕೊಡಲಿ.”

ಗಿರಣಿ ನಿಲ್ಲಿಸಿ, ಕೈ ತೊಳೆದು, ಮನೆಗೆ ಹೋಗಿ ಅಗುಳಿ ತೆಗೆದೆ. ಬಾಗಿಲು ಉಬ್ಬಿಕೊಂಡಿತ್ತು, ಭುಜ ಕೊಟ್ಟು ನೂಕಬೇಕಾಯಿತು. ಹೊಂಬಾಳಕ್ಕ ಗೋಡೆಗೆ ಒರಗಿ ಕೂತಿದ್ದಳು. ಕೆನ್ನೆ ಒಳಗೆ ಹೋಗಿತ್ತು, ನಾಲಿಗೆ ಮಾತ್ರ ಹಾಗೇ ಇತ್ತು.

“ಬಂದ್ಯಾ? ದಾರಿ ಬಹಳ ದೂರವಾಯ್ತೇನೋ” ಎಂದಳು.

ತಂದಿದ್ದ ಬಿಸಿ ಅನ್ನದ ಒಂದು ತುತ್ತು ಬಾಯಿಗಿಟ್ಟು, “ಅನ್ನ” ಎಂದೆ. ಅಗಿದಳು, ಅಗಿದಳು, ಮಗುವಿನ ಹಾಗೆ ತಟ್ಟೆಗೆ ತೆಗೆದಿಟ್ಟಳು. “ಏನೋ ಅಂದೆ. ಸದ್ದು ಚೆನ್ನಾಗಿದೆ” ಎಂದಳು.

ನಾನು ಹೆಚ್ಚು ಓದಿದವಳಲ್ಲ. ಗಿರಣಿಯ ಪಟ್ಟಿ ಹರಿದರೆ ಹೊಲಿಯುತ್ತೇನೆ, ಹೊಲಿಗೆ ನಿಲ್ಲದಿದ್ದರೆ ಹೊಸ ಪಟ್ಟಿ ಹಾಕುತ್ತೇನೆ. ಇದನ್ನೂ ಹಾಗೆಯೇ ಯೋಚಿಸಿದೆ. ಉದುರಿದ ಹೆಸರು ಅಂಟುವುದಿಲ್ಲ, ಸರಿ. ಇನ್ನೂ ಯಾರೂ ಹೆಸರಿಡದ ತಿಂಡಿ ಕೊಟ್ಟರೆ? ಅದಕ್ಕೆ ಇವಳೇ ಹೊಸದಾಗಿ ಹೆಸರಿಟ್ಟರೆ? ಅವತ್ತೇ ಸಾಹೇಬರ ಅಂಗಡಿಗೆ ಹೋದೆ.

“ಹೆಸರು ಉದುರೋರಿಗೆ ಅಂತ ಇಲ್ಲೀತನಕ ಯಾರೂ ನನ್ನ ಅಂಗಡಿಗೆ ಬಂದಿಲ್ಲಮ್ಮ” ಎಂದರು ಅವರು. ಕನ್ನಡಕ ತೆಗೆದು ಒರೆಸಿದರು. “ಅವರನ್ನ ನೆಮ್ಮದಿಯಾಗಿ ಬಿಡಬೇಕು ಅಂತಾರೆ.”

“ಹಸಿವಲ್ಲಿ ಎಂಥಾ ನೆಮ್ಮದಿ ಸಾಹೇಬ್ರೇ? ಚೀಟಿ ಇಲ್ಲದ್ದು ಏನೇನಿದೆ ತೆಗೀರಿ.”

ಮೊದಲು ಕೊಟ್ಟದ್ದು ಬಿಳಿಯ, ಮೆತ್ತನೆಯ, ಒತ್ತಿದರೆ ತಗ್ಗಾಗಿ ಮತ್ತೆ ಉಬ್ಬುವ ಒಂದು ಮಿಠಾಯಿ. ಹೊಂಬಾಳಕ್ಕ ಅದನ್ನು ಬಾಯಲ್ಲಿಟ್ಟುಕೊಂಡು ಸೂರು ನೋಡುತ್ತ ಕೂತಳು. ನಾನೂ ಭಾವನೂ ಅವಳ ಗಂಟಲನ್ನೇ ನೋಡುತ್ತಿದ್ದೆವು.

“ಕೂಸಿನ ಕೆನ್ನೆ” ಎಂದಳು. ಗಂಟಲು ಆಡಿತು. ನುಂಗಿದಳು.

ಭಾವ ಎದ್ದುಹೋಗಿ ಹಿತ್ತಿಲಲ್ಲಿ ನಿಂತುಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಐದು ದಿನ ಅದನ್ನೇ ತಿಂದಳು. ಆರನೆಯ ದಿನ ಆ ಹೆಸರೂ ಉದುರಿತು, ಮಿಠಾಯಿ ನಾಲಿಗೆಯ ಮೇಲೇ ಉಳಿಯಿತು. ಎರಡನೆಯದು ಕಾಗದದಂತೆ ತೆಳ್ಳಗಿನ, ಸಮುದ್ರದ ವಾಸನೆಯ ಹಸಿರು ಹಾಳೆ. “ದೋಣಿಯ ಬೆವರು” ಎಂದಳು. ಎರಡು ದಿನ ನಡೆಯಿತು. ಮೂರನೆಯದು ಹಲ್ಲಿಗೆ ಸಿಕ್ಕರೆ ಲಟಲಟ ಎನ್ನುವ ಕಾಯಿಚಿಕ್ಕಿ. “ಬಡಗಿಯ ಬಾಯಿ” ಎಂದು ನಕ್ಕಳು. ಅದು ಬೆಳಗ್ಗೆ ಬಂದು ಸಂಜೆಗೆ ಹೋಯಿತು. ನಾಲ್ಕನೆಯದನ್ನು ಉಗಿದು, “ಥೂ, ಇದನ್ನ ನೀನೇ ತಿಂದು ನೀನೇ ಹೆಸರಿಡು” ಎಂದಳು.

ಮರುದಿನ ಅಂಗಡಿಯ ಮಣೆಯ ಮೇಲೆ ಸುಮ್ಮನೆ ಕೂತುಬಿಟ್ಟೆ. ಸಾಹೇಬರು ಹೇಳಿದರು: “ಹೊಸ ಹೆಸರಿಗೆ ಬೇರು ಬಿಡೋಕೆ ಕಾಲ ಬೇಕಮ್ಮ. ಅವರ ಹತ್ರ ಕಾಲ ಇಲ್ಲ.”

ಅಷ್ಟರಲ್ಲಿ ನನ್ನ ಕಣ್ಣು ಸೂರಿನ ಕೆಳಗಿನ ಹಲಗೆಗೆ ಹೋಯಿತು. ಧೂಳು ಹಿಡಿದ ಕೆಂಪು ಡಬ್ಬಿಗಳ ಸಾಲು, ಎಲ್ಲವೂ ಒಂದೇ ಥರ. ಅಷ್ಟು ವರ್ಷದಿಂದ ಆ ಅಂಗಡಿಗೆ ಹೋಗಿ ಬರುತ್ತಿದ್ದರೂ ಅಲ್ಲಿ ನೋಡಿದವಳಲ್ಲ.

“ಅದೇನು ಸಾಹೇಬ್ರೇ?”

“ಅದಾ? ಹೆಸರು ಹೋದ ಡಬ್ಬಿ. ಕಳಿಸೋರಿಗೆ ಗೊತ್ತಿಲ್ಲ, ವರ್ಷಕ್ಕೊಂದು ಬರ್ತಾನೇ ಇದೆ. ಯಾರಿಗೂ ನುಂಗೋಕಾಗಲ್ಲ. ಎಷ್ಟೋ ಜನ ಮಣೆ ಮೇಲೆ ಕೂತು ನೋಡಿದ್ರು, ಯಾವ ಹೆಸರೂ ಹಿಡೀಲಿಲ್ಲ. ಎಸೆಯೋಕೆ ಮನಸ್ಸಿಲ್ಲ, ಇಟ್ಟಿದೀನಿ.”

ಕೂತಲ್ಲಿಂದಲೇ ಎಣಿಸಿದೆ. ಇಪ್ಪತ್ತೆರಡು. ನಾನು ಅಗುಳಿ ಹಾಕಿದ ವರ್ಷಗಳಷ್ಟೇ. ಏಣಿ ಹಾಕಿ ಹತ್ತಿ, ಎಡತುದಿಯ ಎಲ್ಲಕ್ಕಿಂತ ಹಳೆಯ ಡಬ್ಬಿಯನ್ನು ಕೆಳಗಿಳಿಸಿದೆ. ಸೆರಗಿನಿಂದ ಧೂಳು ಒರೆಸಿದೆ. ಚೀಟಿ ಇನ್ನೂ ಇತ್ತು. ದೊಡ್ಡ ದೊಡ್ಡ, ಸೊಟ್ಟ ಸೊಟ್ಟ ಅಕ್ಷರ, ಮಗು ಬರೆದದ್ದು. ಪರದೇಸಿ.

“ಹೊಂಬಾಳವ್ವ ಒಂಬತ್ತು ವರ್ಷದೋರಿದ್ದಾಗ ಇಟ್ಟ ಹೆಸರು” ಎಂದರು ಸಾಹೇಬರು. “ನಮ್ಮಪ್ಪ ಅಂಗಡಿ ನಡೆಸ್ತಿದ್ದ ಕಾಲ. ಪರದೇಶದಿಂದ ಬಂದ ಡಬ್ಬಿ ಅಂತ ಯಾರೋ ಅಂದದ್ದು ಕೇಳಿಸಿಕೊಂಡು ಹಂಗಂದ್ರಂತೆ. ಚೀಟಿ ನಾನೇ ಬರೀತೀನಿ ಅಂತ ಹಟ ಮಾಡಿದ್ರಂತೆ. ಆ ಚೀಟೀನೇ ಹಳೇ ಡಬ್ಬಿಯಿಂದ ಹೊಸ ಡಬ್ಬಿಗೆ ಅಂಟಿಸ್ತಾ ಬಂದ್ವಿ. ಅಲ್ಲಿಂದ ಇಪ್ಪತ್ತೊಂಬತ್ತು ವರ್ಷ, ವಾರಕ್ಕೊಂದು ಸಲ ಬರೋರು. ಊರಲ್ಲಿ ಯಾವುದಾದ್ರೂ ಬಹಳ ಚೆನ್ನಾಗಿದ್ರೆ ‘ಪರದೇಸಿ ಥರ ಇದೆ’ ಅನ್ನೋದೇ ಒಂದು ಮಾತಾಗಿತ್ತು. ಆಮೇಲೊಂದು ದಿನ ಬಂದ್ರು. ‘ಸಾಹೇಬ್ರೇ, ಹೆಸರು ಕೊಟ್ಬಿಟ್ಟೆ. ನಮ್ಮನೆಗೆ ಬಂದಿರೋ ಹುಡುಗಿ ಕೈಲಿ ಇದೇ ರುಚಿ ಇದೆ, ಇನ್ನೂ ಒಂದು ಕೈ ಮೇಲೇ ಇದೆ. ಇನ್ಮೇಲೆ ಅಂಗಡಿಗ್ಯಾಕೆ ಬರ್ಲಿ, ಮನೇಲೇ ತಿಂತೀನಿ’ ಅಂದ್ರು. ಅದಾದ ಮೇಲೆ ಅವರು ಈ ಕಡೆ ಬರಲಿಲ್ಲ. ಮನೇಲಿ ಸಿಗ್ತಿತ್ತಲ್ಲ.”

ಆ ಒಂದು ದಿನ ಬಿಟ್ಟರೆ ಮನೆಯಲ್ಲಿ ಸಿಕ್ಕಿರಲಿಲ್ಲ. ಹೊಸದಾದ ಡಬ್ಬಿಯೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದೆ.

ಮೊದಲು ಒಲೆ ಹಚ್ಚಿದೆ. ಹುರುಳಿ ಹುರಿದೆ, ಗಿರಣಿಗೆ ಹೋಗದೆ ಬೀಸುವ ಕಲ್ಲಿನಲ್ಲೇ ಬೀಸಿದೆ. ಬೆಲ್ಲ, ಹುಣಸೆಹಣ್ಣು, ಕರಿಮೆಣಸು. ಕೈ ಮರೆತಿರಲಿಲ್ಲ. ಬಿಸಿ ಆರುವ ಮೊದಲೇ ತಟ್ಟೆಯಲ್ಲಿಟ್ಟುಕೊಂಡು ಬಾಗಿಲು ದಾಟಿದೆ. ಹೊಂಬಾಳಕ್ಕ ದೂರದಿಂದಲೇ ಮೂಗು ಅರಳಿಸಿದಳು. ಉಂಡೆ ಬಾಯಿಗಿಟ್ಟೆ.

“ಪರದೇಸಿ” ಎಂದೆ. ಈಚೆ ದಡದಲ್ಲಿ ಆ ಮಾತನ್ನು ನಾನು ಆಡಿದ್ದು ಅದೇ ಮೊದಲು.

ಅವಳ ಕಣ್ಣಿನಲ್ಲಿ ನೀರು ಇಳಿಯಿತು. ಗಂಟಲಲ್ಲಿ ಉಂಡೆ ಇಳಿಯಲಿಲ್ಲ. ಎಡಗೈಗೆ ತೆಗೆದುಕೊಂಡು ಅದನ್ನೇ ನೋಡುತ್ತ ಕೂತಳು.

“ಗೊತ್ತು ಕಣೇ ಇದು” ಎಂದಳು. “ಚೆನ್ನಾಗಿ ಗೊತ್ತು. ಹೆಸರು ಬರ್ತಿಲ್ಲ. ತಡ ಮಾಡಿಬಿಟ್ಟೆ ನೀನು.”

ನಾನು ಅವಳ ಕಾಲು ಹಿಡಿದುಕೊಂಡೆ. ಹೊಳೆಯ ಆಚೆ ಆ ಮಾತಿಗೆ ಏನರ್ಥ, ಅವತ್ತು ನನಗೆ ಏನು ಕೇಳಿಸಿತು, ಯಾಕೆ ಅಗುಳಿ ಹಾಕಿದೆ, ಎಲ್ಲ ಹೇಳಿದೆ. ಅವಳು ಕೊನೆಯ ತನಕ ಕೇಳಿದಳು.

“ತಾಯಿ ಇಲ್ಲದ ಮಕ್ಕಳಿಗೆ ಹಂಗಂತಾರಾ ನಿಮ್ಮೂರಲ್ಲಿ?” ಎಂದಳು. “ಎಂಥಾ ದರಿದ್ರ ಊರೇ ನಿಂದು.”

ಆಮೇಲೆ, “ನಾನೂ ಇನ್ನೊಂದು ಸಲ ಬಾಗಿಲು ತಟ್ಟಬಹುದಿತ್ತು” ಎಂದಳು.

ಡಬ್ಬಿ ತೆಗೆದೆ. ಒಳಗೆ ಬೂದಿಬಣ್ಣದ ಪುಡಿಯಲ್ಲಿ ಹೊರಳಿಸಿದ ಕಂದು ಗುಂಡುಗಳು. ವಾಸನೆ ಬಂದ ಕೂಡಲೇ ಭಾವ, “ಅದೇ, ಅದೇ” ಎಂದರು. ಒಂದನ್ನು ಅವಳ ನಾಲಿಗೆಯ ಮೇಲಿಟ್ಟೆ. ಒಂಬತ್ತು ವರ್ಷದ ಹುಡುಗಿ ಇಟ್ಟ ಹೆಸರು ಎಲ್ಲಾದರೂ ಆಳದಲ್ಲಿ ಉಳಿದಿದ್ದೀತು, ಉಂಡೆಯಿಂದ ಕಳಚಿ ಮತ್ತೆ ಡಬ್ಬಿಗೇ ಬರಲಿ ಎಂದು ಬೇಡಿಕೊಂಡೆ. ಅವಳು ಅವತ್ತಿನ ಹಾಗೆಯೇ ಕಣ್ಣು ಮುಚ್ಚಿದಳು. ಕೆನ್ನೆಯೊಳಗೆ ಗುಂಡು ಆ ಕಡೆಯಿಂದ ಈ ಕಡೆಗೆ ಹೊರಳುವುದು ಕಾಣುತ್ತಿತ್ತು. ಕಣ್ಣು ಬಿಟ್ಟು ನನ್ನನ್ನು ನೋಡಿದಳು.

“ಮೊದಲು ಸಿಹಿ. ಆಮೇಲೆ ಹುಳಿ” ಎಂದಳು. “ಖಾರ ಕೊನೆಗೆ ಗೊತ್ತಾಗುತ್ತೆ. ಇದು ದೇವೀರಿ.”

ಹಾಗೆಂದು ನುಂಗಿದಳು.

ಹೆಸರು ಹೋಗುವಾಗ ನೋವಾಗುವುದಿಲ್ಲ. ತಲೆಯ ಮೇಲೆ ಹೊತ್ತ ಹಿಟ್ಟಿನ ಡಬ್ಬವನ್ನು ಹಿಂದಿನಿಂದ ಬಂದು ಯಾರೋ ಇಳಿಸಿಕೊಂಡ ಹಾಗಾಯಿತು, ಅಷ್ಟೇ. ಭಾವ ಗಾಬರಿಯಾದರು. “ಅಯ್ಯೋ, ಅದು ಇವಳ ಹೆಸರು ಕಣೇ! ಬೇರೆ ಇಡು, ಈಗಲೇ ಬೇರೆ ಇಡು” ಎಂದು ಹೆಂಡತಿಯ ಕೈ ಹಿಡಿದು ಅಲುಗಿಸಿದರು. ಅವಳು ಎರಡನೆಯ ಗುಂಡಿಗೆ ಕೈ ಚಾಚಿದ್ದಳು. ಹದಿನೈದು ದಿನದಲ್ಲಿ ಅವಳು ಎರಡನೆಯದನ್ನು ಕೇಳಿದ್ದು ಅದೇ ಮೊದಲು.

“ಇರ್ಲಿ ಬಿಡಿ ಭಾವ. ತಿನ್ಲಿ” ಎಂದೆ.

ಆ ಹೆಸರು ಉದುರಲಿಲ್ಲ. ಒಂದು ವಾರ ಕಾದೆವು, ಎರಡು ವಾರ ಕಾದೆವು. ಹೊಸ ಹೆಸರು ಅಷ್ಟು ದಿನ ನಿಂತದ್ದಕ್ಕೆ ಸಾಹೇಬರಿಗೂ ಆಶ್ಚರ್ಯ. ಭಾವ ಒಂದು ಮಧ್ಯಾಹ್ನ ಗಿರಣಿಗೆ ಬಂದು ಕಾರಣ ಹೇಳಿದರು. ದಿನಾ ಬೆಳಗ್ಗೆ ನಾನು ಗಿರಣಿ ಶುರು ಮಾಡಿದ ಸದ್ದು ಕೇಳಿದರೆ, “ದೇವೀರಿ ಎದ್ಲು” ಎಂದುಕೊಂಡು ಹೊಂಬಾಳಕ್ಕ ಒಲೆ ಹಚ್ಚುತ್ತಿದ್ದಳಂತೆ. ಸದ್ದು ನಿಂತರೆ, “ದೇವೀರಿ ಮಲಗೋ ಹೊತ್ತಾಯ್ತು” ಎಂದು ದೀಪ ಆರಿಸುತ್ತಿದ್ದಳಂತೆ. ಇಪ್ಪತ್ತು ವರ್ಷ, ದಿನಕ್ಕೆರಡು ಸಲ. ಬೇರು ಗೋಡೆಯ ಆ ಕಡೆ ಇಳಿದಿತ್ತು. ನನಗೆ ತಿಳಿದಿರಲಿಲ್ಲ.

ಅವಳು ಎಪ್ಪತ್ತು ದಿನ ಬದುಕಿದಳು. ಅಷ್ಟು ದಿನವೂ ಆ ಬಾಗಿಲು ತೆರೆದೇ ಇತ್ತು. ನಾನು ಹಿಟ್ಟು ಮೆತ್ತಿದ ಕೈಯಲ್ಲೇ ಹೋಗಿ ಕೂರುತ್ತಿದ್ದೆ, ಅವಳು ನನ್ನ ಸೀರೆ, ನನ್ನ ಕೂದಲು, ನನ್ನ ಗಿರಣಿಯ ಸದ್ದು, ಎಲ್ಲವನ್ನೂ ಬಯ್ಯುತ್ತಿದ್ದಳು. ಇಪ್ಪತ್ತೆರಡು ವರ್ಷದ ಬೈಗುಳ ಬಾಕಿಯಿತ್ತು ಎಂದಳು. ನನ್ನನ್ನು ಏನೆಂದು ಕರೆಯಬೇಕೋ ಅವಳಿಗೂ ತಿಳಿಯುತ್ತಿರಲಿಲ್ಲ, “ಏ ಇವಳೇ” ಎನ್ನುತ್ತಿದ್ದಳು. ಕೊನೆಯ ವಾರ ನೀರು ಹೋಯಿತು. ಆಮೇಲೂ ಡಬ್ಬಿಯ ಗುಂಡನ್ನು ಚೀಪುತ್ತಿದ್ದಳು. ಒಂದು ದಿನ ಬೆಳಗ್ಗೆ, ನಾನು ಪಕ್ಕದಲ್ಲಿ ಕೂತಿದ್ದಾಗ, ಗುಂಡು ನಾಲಿಗೆಯ ಮೇಲಿದ್ದಂತೆಯೇ ಹೋದಳು. ಭಾವ ಅದನ್ನು ತೆಗೆಯಲು ಬಿಡಲಿಲ್ಲ.

ಹನ್ನೊಂದನೆಯ ದಿನದ ಊಟಕ್ಕೆ ಕೇರಿಯವರೆಲ್ಲ ಬಂದಿದ್ದರು. ಎಡೆಗೂ ಎಲೆಗಳಿಗೂ ನಾನೇ ಉಂಡೆ ಕಟ್ಟಿದ್ದೆ. ಸಾಲಿನಲ್ಲಿ ಬಗ್ಗಿ ಬಗ್ಗಿ, ಒಂದೊಂದು ಎಲೆಗೂ ಒಂದೊಂದನ್ನು ಇಡುತ್ತ, ಪರದೇಸಿ, ಪರದೇಸಿ, ಪರದೇಸಿ ಎಂದು ಹೇಳಿಕೊಂಡು ಹೋದೆ. ವಯಸ್ಸಾದವರು ತಲೆಯೆತ್ತಿ ನೋಡಿದರು. ಎಲ್ಲರ ಗಂಟಲಲ್ಲೂ ಇಳಿಯಿತು. ಅವಳು ಕೊಟ್ಟದ್ದು ನನ್ನ ಹತ್ತಿರ ಹಾಗೇ ಇತ್ತು. ಈಗ ವಾರಕ್ಕೊಮ್ಮೆ ಮಾಡುತ್ತೇನೆ. ಭಾವನಿಗೆ ಎರಡು ಎತ್ತಿಡುತ್ತೇನೆ.

ಇಟ್ಟವಳು ಹೋದ ಮೇಲೆ ತೆಗೆಯುವವರಿಲ್ಲ, ಆದ್ದರಿಂದ ಆ ಹೆಸರು ಇನ್ನು ಡಬ್ಬಿಯದೇ. ಸಾಹೇಬರು ಸೂರಿನಿಂದ ಡಬ್ಬಿಗಳನ್ನೆಲ್ಲ ಇಳಿಸಿ ಮೂರನೆಯ ಹಲಗೆಗೆ ಹಾಕಿದ್ದಾರೆ. ಚೀಟಿಯನ್ನು ಅವರು ಬರೆಯಲಿಲ್ಲ, ನನ್ನ ಕೈಯಲ್ಲೇ ಬರೆಸಿದರು. ಚೆನ್ನಾಗಿ ಮಾರಾಟವಾಗುತ್ತಿದೆ, ವರ್ಷಕ್ಕೆ ನಾಲ್ಕು ಪೆಟ್ಟಿಗೆ ಬೇಕೆಂದು ಹೇಳಿಕಳಿಸಿದ್ದಾರಂತೆ. ಮೊನ್ನೆ ನಾನು ಉಪ್ಪು ಕೊಳ್ಳಲು ಹೋಗಿದ್ದಾಗ ಯಾರೋ ಬಾಣಂತಿಗೆಂದು ಕೇಳುತ್ತಿದ್ದರು: “ಸಾಹೇಬ್ರೇ, ಕಾಲು ಕೇಜಿ ದೇವೀರಿ ಕೊಡಿ.” ಬೆನ್ನ ಹಿಂದೆಯೇ ಅಂದರು, ಗಟ್ಟಿಯಾಗಿಯೇ ಅಂದರು. ನಾನು ತಿರುಗಲಿಲ್ಲ. ಬಾಯಲ್ಲಿ ನೀರೂರಿತು.